ಯಾರ್ಡ್ ದೊಡ್ಡದಾಯಿತು, ಮಳೆನೀರು ಎಲ್ಲಿಗೆ? ಸಬ್‌ಸ್ಟೇಷನ್ ವಿಸ್ತರಣೆಗೆ ಯಾವ ಹೊಂಡ ಸರಿ

ಸಬ್‌ಸ್ಟೇಷನ್ ಯಾರ್ಡಿನ (ಸಲಕರಣೆಗಳು ನಿಲ್ಲುವ ಬಯಲು) ವಿಸ್ತರಣೆಯ ನಕ್ಷೆ ಬಿಡಿಸಿ ನೋಡಿ. ಹೊಸ ಟ್ರಾನ್ಸ್‌ಫಾರ್ಮರ್ ಎಲ್ಲಿ, ಹೊಸ ಬೇ (ಒಂದೊಂದು ಲೈನಿನ ಸಲಕರಣೆ ಕೂರುವ ಅಂಕಣ) ಎಷ್ಟು, ಕೇಬಲ್ ಟ್ರೆಂಚ್ ಯಾವ ಕಡೆ, ಎಲ್ಲವೂ ಮಿಲಿಮೀಟರ್ ಲೆಕ್ಕದಲ್ಲಿ ಇರುತ್ತದೆ. ಮಳೆನೀರಿನ ಪಾಲಿಗೆ ಮಾತ್ರ ಮೂಲೆಯಲ್ಲಿ ಒಂದು ಬಾಣದ ಗುರುತು, ಪಕ್ಕದಲ್ಲಿ 'ಚರಂಡಿಗೆ' ಅನ್ನೋ ಒಂದು ಪದ. ಆ ಬಾಣ ಹೋಗಿ ಎಲ್ಲಿ ಮುಟ್ಟುತ್ತದೆ ಅನ್ನೋದು ಮೊದಲ ಜೋರು ಮಳೆಗೆ ಗೊತ್ತಾಗುತ್ತದೆ. ಬೇಲಿಯ ಆಚೆ ಇರುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ.

ಮಳೆನೀರು ಹಿಡಿಯಲು ದಾರಿಗಳು ಹಲವು. ಒಣ ಹೊಂಡ, ಸದಾ ನೀರಿರುವ ಕೊಳ, ಇಂಗುಹೊಂಡ, ನೆಲದಡಿಯ ತೊಟ್ಟಿ, ಹುಲ್ಲುಗಾಲುವೆ. ಶಾಲೆಗೋ ಗೋದಾಮಿಗೋ ಆದರೆ ಜಾಗ ಮತ್ತು ಖರ್ಚು ನೋಡಿ ಒಂದನ್ನು ಆರಿಸಬಹುದು. ಸಬ್‌ಸ್ಟೇಷನ್‌ನಲ್ಲಿ ಅಷ್ಟು ಸಾಲದು. ಇಲ್ಲಿ ಮೂರು ವಿಷಯಗಳನ್ನು ಕೇಳದೆ ಮುಂದೆ ಹೋಗುವ ಹಾಗಿಲ್ಲ: ಮಣ್ಣು, ಟ್ರಾನ್ಸ್‌ಫಾರ್ಮರ್ ಎಣ್ಣೆ, ಅರ್ಥ್ ಮ್ಯಾಟ್ (ಅರ್ಥಿಂಗ್‌ಗಾಗಿ ನೆಲದಡಿ ಹೂತ ಲೋಹದ ಜಾಲ). ಕೆಳಗಿನ ಹೋಲಿಕೆಯೆಲ್ಲ ಈ ಮೂರನ್ನು ಹಿಡಿದೇ ನಡೆಯುತ್ತದೆ.

ಜಲ್ಲಿ ನೀರು ಕುಡಿಯುತ್ತದಾ?

'ಯಾರ್ಡ್ ಪೂರ್ತಿ ಜಲ್ಲಿ ತಾನೇ, ನೀರೆಲ್ಲ ಇಂಗಿಹೋಗುತ್ತೆ.' ಈ ಮಾತು ಪ್ರತಿ ವಿಸ್ತರಣೆಯಲ್ಲೂ ಕೇಳಿಬರುತ್ತದೆ. ಮಳೆ ನಿಂತ ಹತ್ತು ನಿಮಿಷಕ್ಕೆ ಯಾರ್ಡಿನ ಅಂಚಿಗೆ ಹೋಗಿ ಜಲ್ಲಿಯನ್ನು ಕೈಯಿಂದ ಸರಿಸಿ ನೋಡಿ. ಮೇಲಿನ ಕಲ್ಲು ಬರೀ ಒದ್ದೆ. ಅರ್ಧ ಗೇಣು ಕೆಳಗೆ ರೋಲರ್ ಹೊಡೆದು ಗಟ್ಟಿ ಮಾಡಿದ ನೆಲ ಸಿಗುತ್ತದೆ. ಬೆರಳಿಟ್ಟರೆ ಸಿಮೆಂಟಿನ ಹಾಗೆ. ಅದರ ಮೇಲೆ ತೆಳ್ಳಗೆ ನೀರು ಜಾರಿಕೊಂಡು ಬೇಲಿಯ ಕಡೆ ಹೋಗುತ್ತಿರುತ್ತದೆ. ಜಲ್ಲಿ ನೀರನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಕುಡಿಯಬೇಕಾದ ಮಣ್ಣಿನ ಬಾಯನ್ನು ನಾವೇ ಮುಚ್ಚಿರುತ್ತೇವೆ.

ಇದನ್ನು ಅಂಕಿಯಲ್ಲಿ ನೋಡೋಣ. ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ರೂಪಿಸಿದ 'ಕರ್ವ್ ನಂಬರ್' ಲೆಕ್ಕ ಬಹಳ ಕಡೆ ಬಳಕೆಯಲ್ಲಿದೆ. ಸಂಖ್ಯೆ 100ಕ್ಕೆ ಹತ್ತಿರವಾದಷ್ಟೂ ಹರಿದುಹೋಗುವ ನೀರು ಜಾಸ್ತಿ. ಸಾಧಾರಣವಾಗಿ ನೀರು ಇಂಗುವ ಗೋಡು ಮಣ್ಣಿನ ಮೇಲೆ ದನ ಮೇಯಿಸದ ಹುಲ್ಲುಗಾವಲು ಇದ್ದರೆ ಆ ಸಂಖ್ಯೆ 58. ಅದೇ ಮಣ್ಣಿನ ಮೇಲೆ ಜಲ್ಲಿ ರಸ್ತೆಯಾದರೆ 85. ಗಟ್ಟಿ ನೆಲದ ಮೇಲೆ ಹಾಸಿದ ಯಾರ್ಡಿಗೆ ನಾನು ಹಿಡಿಯುವುದು ಈ 85ನ್ನೇ. ಒಂದು ದಿನ 100 ಮಿಲಿಮೀಟರ್ ಮಳೆ ಬಂತು ಅಂತಿಟ್ಟುಕೊಳ್ಳಿ. ಹುಲ್ಲಿನಿಂದ ಹರಿದು ಬರುವುದು ಸುಮಾರು 16 ಮಿಲಿಮೀಟರ್, ಜಲ್ಲಿಯಿಂದ 61. ಒಂದು ಹೆಕ್ಟೇರಿಗೆ 1 ಮಿಲಿಮೀಟರ್ ಅಂದರೆ 10 ಘನ ಮೀಟರ್. ಹಾಗಾಗಿ ಮೊದಲು 160 ಘನ ಮೀಟರ್ ಹೋಗುತ್ತಿದ್ದ ಕಡೆಗೆ ಈಗ 610 ಹೋಗುತ್ತದೆ. ಹೆಚ್ಚಾಗಿದ್ದು 450 ಘನ ಮೀಟರ್, ಅಂದರೆ ನಾಲ್ಕೂವರೆ ಲಕ್ಷ ಲೀಟರ್. ಮುಂದೆ ಹೋಲಿಸುವಾಗ ಈ 450ನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ.

ಜಿಗುಟು ಜೇಡಿಮಣ್ಣಾದರೆ ಚಿತ್ರ ಬೇರೆ. ಅಲ್ಲಿ ಹುಲ್ಲುಗಾವಲಿನ ಸಂಖ್ಯೆಯೇ 78, ಜಲ್ಲಿಗೆ 91. ಅದೇ ಮಳೆಗೆ 47 ಇದ್ದದ್ದು 75 ಆಗುತ್ತದೆ. ಮೊದಲೇ ನೀರು ಕುಡಿಯದ ನೆಲ, ಆದ್ದರಿಂದ ಹೆಚ್ಚಳ ಕಡಿಮೆ. ಆದರೆ ಅಂಥ ನೆಲದಲ್ಲಿ ಇಂಗಿಸುವ ಆಸೆಯನ್ನೂ ಬಿಡಬೇಕು.

ಮೊದಲು ಎಣ್ಣೆಯ ದಾರಿ ಬೇರೆ ಮಾಡಿ

ಯಾವ ಹೊಂಡ ಅಂತ ಯೋಚಿಸುವ ಮೊದಲು ಮುಗಿಸಬೇಕಾದ ಕೆಲಸ ಇದು. ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದರಲ್ಲಿ ಹತ್ತಾರು ಸಾವಿರ ಲೀಟರ್ ಎಣ್ಣೆ ಇರುತ್ತದೆ. ಅದರ ಸುತ್ತ ಬಿದ್ದ ಮಳೆ, ಉಳಿದ ಯಾರ್ಡಿನ ಮಳೆ, ಎರಡೂ ಒಂದೇ ಚರಂಡಿಗೆ ಸೇರಿದರೆ ನೀವು ಎಷ್ಟೇ ಒಳ್ಳೆಯ ಹೊಂಡ ಕಟ್ಟಿದರೂ ಅದು ಒಂದು ದಿನ ಎಣ್ಣೆ ಹೊಂಡ ಆಗಬಹುದು.

ಟ್ರಾನ್ಸ್‌ಫಾರ್ಮರ್ ಕೆಳಗೆ, ಸೋರಿದ ಎಣ್ಣೆ ಹಿಡಿಯಲು ಕಟ್ಟುವ ಗುಂಡಿಯೇ ಸೋಕ್ ಪಿಟ್. ಅಂಥ ಒಂದು ಪಿಟ್ಟಿನ ಲೆಕ್ಕ ನೋಡಿ. 40,000 ಲೀಟರ್ ಎಣ್ಣೆ, ಪಿಟ್ಟಿನ ವಿಸ್ತೀರ್ಣ 100 ಚದರ ಮೀಟರ್. ಬೆಂಕಿ ಆರಲಿ ಅಂತ ಪಿಟ್ಟಿಗೆ ಪೂರ್ತಿ ದಪ್ಪ ಕಲ್ಲು ತುಂಬಿದರೆ ಕಲ್ಲುಗಳ ನಡುವಿನ ಖಾಲಿ ಜಾಗ ಸುಮಾರು 40 ಶೇಕಡಾ ಮಾತ್ರ. ಬರೀ ಎಣ್ಣೆಗೇ 1 ಮೀಟರ್ ಆಳ ಬೇಕಾಯಿತು. ಅದೇ 100 ಮಿಲಿಮೀಟರ್ ಮಳೆ ಪಿಟ್ಟಿಗೂ ಬಿದ್ದು ಹೊರಗೆ ಹೋಗದೆ ನಿಂತರೆ ಇನ್ನೊಂದು 10,000 ಲೀಟರ್. ಬೆಂಕಿ ಬಿದ್ದು ನೀರಿನ ಸ್ಪ್ರೇ ಶುರುವಾದರೆ? ಟ್ರಾನ್ಸ್‌ಫಾರ್ಮರ್‌ಗೆ ಪ್ರತಿ ಚದರ ಮೀಟರಿಗೆ ನಿಮಿಷಕ್ಕೆ 10 ಲೀಟರ್ ಆಸುಪಾಸು ಹೊಡೆಯುವುದು ವಾಡಿಕೆ. 200 ಚದರ ಮೀಟರ್ ಮೈ ಇದ್ದರೆ ಒಂದೇ ಗಂಟೆಗೆ 1,20,000 ಲೀಟರ್. ಎಣ್ಣೆಯ ಮೂರು ಪಟ್ಟು ನೀರು! ಎಣ್ಣೆ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಪಿಟ್ ಉಕ್ಕಿದರೆ ಮೊದಲು ಹೊರಗೆ ಹೋಗುವುದು ಎಣ್ಣೆಯೇ.

ಅದಕ್ಕೇ ಟ್ರಾನ್ಸ್‌ಫಾರ್ಮರ್ ಪಿಟ್‌ಗಳಿಂದ ಪೈಪು ಹಾಕಿ ದೂರದ ಒಂದು ದೊಡ್ಡ ಎಣ್ಣೆ ತೊಟ್ಟಿಗೆ ಸೇರಿಸುವುದು ಒಳ್ಳೆಯದು. ಅಲ್ಲಿ ನೀರನ್ನು ತಳದಿಂದ ಹೊರಗೆ ಬಿಡಬೇಕು, ಎಣ್ಣೆ ಮೇಲೆ ಉಳಿಯಬೇಕು. ಸುಮ್ನೆ ಒಂದು ಆಟೊಮ್ಯಾಟಿಕ್ ಪಂಪ್ ಇಟ್ಟರೆ ಅದಕ್ಕೆ ನೀರು, ಎಣ್ಣೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಟ್ಟ ಏರಿದರೆ ಸಾಕು, ಎರಡನ್ನೂ ಎತ್ತಿ ಹೊರಗೆ ಹಾಕುತ್ತದೆ. ಎಣ್ಣೆ ಗುರುತಿಸುವ ಸೆನ್ಸರ್ ಇರುವ ಪಂಪ್ ಬೇಕು. ಇಲ್ಲವೇ ಬೀಗ ಹಾಕಿದ ವಾಲ್ವ್ ಇಟ್ಟು, ಕಣ್ಣಾರೆ ನೋಡಿ ತೆಗೆಯುವ ಪದ್ಧತಿ ಇರಬೇಕು.

ಹಳೆಯ ಯಾರ್ಡಿನ ಪಕ್ಕ ಅಗೆಯುವುದಾದರೆ ಇನ್ನೊಂದು ಎಚ್ಚರ. ಹಳೆಯ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಅನ್ನೋ ವಿಷ ಇರುತ್ತಿತ್ತು. 2001ರ ಸ್ಟಾಕ್‌ಹೋಮ್ ಒಪ್ಪಂದ ಅಂಥ ಉಪಕರಣಗಳ ಬಳಕೆ ನಿಲ್ಲಿಸಲು 2025ರ ಗಡುವು ಇಟ್ಟಿತ್ತು. ಉಪಕರಣ ಹೋದರೂ ಮಣ್ಣಿಗೆ ಸೋರಿದ್ದು ಅಲ್ಲೇ ಇರುತ್ತದೆ. ಹೊಂಡ ತೋಡುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ. ಕಲೆ ಇರುವ ಮಣ್ಣಿನಲ್ಲಿ ನೀರು ಇಂಗಿಸಿದರೆ ವಿಷವನ್ನು ನಾವೇ ಅಂತರ್ಜಲಕ್ಕೆ ಇಳಿಸಿದ ಹಾಗೆ.

ಒಣ ಹೊಂಡ

ನನ್ನ ಮೊದಲ ಆಯ್ಕೆ ಇದೇ, ಜಾಗ ಇದ್ದರೆ. ಮಳೆ ಬಂದಾಗ ತುಂಬುತ್ತದೆ, ತೂಬಿನಿಂದ ನಿಧಾನಕ್ಕೆ ಖಾಲಿಯಾಗುತ್ತದೆ, ಉಳಿದ ದಿನ ಒಣಗಿರುತ್ತದೆ. ಕೆರೆ ನೋಡಿ ಬೆಳೆದವರಿಗೆ ಹೊಸದೇನಲ್ಲ. ಏರಿ, ತೂಬು, ಕೋಡಿ, ಮೂರೂ ಇಲ್ಲಿವೆ. ನೀರನ್ನು ಕೂಡಿಡುವ ಬದಲು ತಡೆದು ಬಿಡುತ್ತೇವೆ, ಅಷ್ಟೇ ವ್ಯತ್ಯಾಸ.

ಕೆಲಸವೆಲ್ಲ ನಡೆಯುವುದು ತೂಬಿನಲ್ಲಿ. 450 ಚದರ ಮೀಟರ್ ತಳ, 1 ಮೀಟರ್ ಆಳದ ಹೊಂಡಕ್ಕೆ ನಮ್ಮ 450 ಘನ ಮೀಟರ್ ನೀರು ಬಂತು. ತಳದಲ್ಲಿ 100 ಮಿಲಿಮೀಟರ್ ಅಗಲದ ಒಂದು ಗುಂಡು ರಂಧ್ರ. ತುಂಬಿದಾಗ ಅದರಿಂದ ಸೆಕೆಂಡಿಗೆ ಸುಮಾರು 21 ಲೀಟರ್ ಹೋಗುತ್ತದೆ. ಮಟ್ಟ ಇಳಿದ ಹಾಗೆ ವೇಗವೂ ಇಳಿಯುತ್ತದೆ. ಪೂರ್ತಿ ಖಾಲಿಯಾಗಲು ಹೆಚ್ಚು ಕಡಿಮೆ 12 ಗಂಟೆ. ಇಡೀ ಒಂದು ಹೆಕ್ಟೇರಿನ ಹೆಚ್ಚುವರಿ ನೀರನ್ನು ಹಿಡಿದಿಡುವುದು ಅಂಗೈ ಅಗಲದ ಒಂದು ತೂತು! ಒಂದು ಪ್ಲಾಸ್ಟಿಕ್ ಚೀಲ ಬಂದು ಬಾಯಿಗೆ ಕೂತರೆ ಕತೆ ಮುಗಿಯಿತು. ಹಾಗಾಗಿ ರಂಧ್ರದ ಮುಂದೆ ಸರಳಿನ ಜಾಲರಿ ಬೇಕು, ಅದರ ಸುತ್ತ ಒಂದಷ್ಟು ದಪ್ಪ ಕಲ್ಲು ಬೇಕು. ತೂಬು ಕಟ್ಟಿದರೂ ನೀರು ಯಾರ್ಡಿನ ಕಡೆ ತಿರುಗದ ಹಾಗೆ ಕೋಡಿ ಇರಬೇಕು. ಕೋಡಿಯ ಮಟ್ಟ ಯಾವತ್ತೂ ಯಾರ್ಡಿನ ನೆಲಕ್ಕಿಂತ, ಕೇಬಲ್ ಟ್ರೆಂಚಿನ ತಳಕ್ಕಿಂತ ಕೆಳಗೆ. ಇದನ್ನು ನಕ್ಷೆಯಲ್ಲಿ ಎರಡು ಸಲ ನೋಡಿ. ಹೊಂಡದ ನೀರು ಟ್ರೆಂಚಿನ ಡ್ರೈನ್ ಪೈಪಿನಲ್ಲಿ ಹಿಂದಕ್ಕೆ ಬಂದು ಕಂಟ್ರೋಲ್ ಕೇಬಲ್‌ಗಳನ್ನು ಮುಳುಗಿಸಲು ಅರ್ಧ ಅಡಿಯ ತಪ್ಪು ಸಾಕು.

ಕೊರತೆಯೂ ಇದೆ. ಜಾಗ ಜಾಸ್ತಿ ತಿನ್ನುತ್ತದೆ. ನೀರಿನ ಓಟ ತಗ್ಗಿಸುತ್ತದೆ ನಿಜ, ಆದರೆ ನೀರಿನ ಮೊತ್ತ ತಗ್ಗಿಸುವುದಿಲ್ಲ. ಸಣ್ಣ ಹೂಳನ್ನೂ ಪೂರ್ತಿ ಹಿಡಿಯುವುದಿಲ್ಲ. ಆದರೆ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಸನಿಕೆ ಹಿಡಿದು ರಿಪೇರಿ ಮಾಡಬಹುದು. ಆಳು ಕಾಳು ಇಲ್ಲದೆ ನಡೆಯುವ ಸಬ್‌ಸ್ಟೇಷನ್‌ಗೆ ಇದು ದೊಡ್ಡ ಗುಣ.

ಸದಾ ನೀರಿರುವ ಕೊಳ

ನೀರು ಶುದ್ಧ ಮಾಡುವುದರಲ್ಲಿ ಕೊಳ ಒಣ ಹೊಂಡಕ್ಕಿಂತ ಮೇಲು. ನಿಂತ ನೀರಿನಲ್ಲಿ ಹೂಳು ಕೂರುತ್ತದೆ, ಗಿಡಗಳು ಕೊಳೆ ಹೀರುತ್ತವೆ. ಆದರೂ ಸ್ವಿಚ್‌ಯಾರ್ಡ್ ಪಕ್ಕದಲ್ಲಿ ನಾನು ಒಪ್ಪುವುದಿಲ್ಲ. ನೀರಿದ್ದಲ್ಲಿ ಕಪ್ಪೆ, ಕಪ್ಪೆಯ ಹಿಂದೆ ಹಾವು. ಹಾವು ಕಂಬ ಹತ್ತಿ ಬಸ್‌ಬಾರಿಗೂ (ಕರೆಂಟ್ ಹರಿಯುವ ಲೋಹದ ಪಟ್ಟಿ) ಕಂಬದ ಸ್ಟೀಲಿಗೂ ಮೈ ತಾಗಿಸಿದರೆ ಲೈನು ಟ್ರಿಪ್. ನೀರುಹಕ್ಕಿಗಳು ಬಂದರೆ ಗೂಡು, ಹಿಕ್ಕೆ, ಇನ್ಸುಲೇಟರ್ ಮೇಲೆ ಫ್ಲ್ಯಾಶ್, ಅಂದರೆ ಕರೆಂಟ್ ಕಿಡಿಯಾಗಿ ಹಾರುವುದು. ಬೇಲಿಯಿಂದ ಚೆನ್ನಾಗಿ ದೂರದಲ್ಲಿ, ಲೈನುಗಳು ಹಾದುಹೋಗದ ಕಡೆ ಜಾಗ ಇದ್ದು, ನೀರಿನ ಗುಣಮಟ್ಟದ ನಿಯಮ ಬಿಗಿ ಇದ್ದರೆ ಮಾತ್ರ ಕೊಳದ ಮಾತು.

ಇಂಗುಹೊಂಡ

ಮನಸ್ಸಿಗೆ ಎಲ್ಲಕ್ಕಿಂತ ಹಿತವಾದದ್ದು ಇದು. ಬಿದ್ದ ನೀರು ಬಿದ್ದ ನೆಲಕ್ಕೇ ಸೇರುತ್ತದೆ, ಪಕ್ಕದವರಿಗೂ ತೊಂದರೆ ಇಲ್ಲ, ಅಂತರ್ಜಲಕ್ಕೂ ಲಾಭ. ಮೊತ್ತವನ್ನೂ ತಗ್ಗಿಸುವ ದಾರಿ ಇದೇ. ಆದರೆ ಇದು ಮಣ್ಣಿನ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ.

ಪರೀಕ್ಷೆ ಕಷ್ಟವೇನಲ್ಲ, ಅವಸರ ಮಾತ್ರ ಮಾಡಬಾರದು. ಹೊಂಡದ ತಳ ಎಷ್ಟು ಆಳಕ್ಕೆ ಬರುತ್ತದೋ ಅಷ್ಟೇ ಆಳಕ್ಕೆ ಗುಂಡಿ ತೋಡಿ. ಮೇಲಿನ ಮಣ್ಣಿನಲ್ಲಿ ಮಾಡಿದ ಪರೀಕ್ಷೆ ಪ್ರಯೋಜನಕ್ಕೆ ಬರುವುದಿಲ್ಲ. ನೀರು ತುಂಬಿ, ಅಳತೆಯ ಕೋಲು ನೆಟ್ಟು, ಗಡಿಯಾರ ನೋಡುತ್ತಾ ಕೂರಿ. ಬೇಸಿಗೆಯಲ್ಲಿ ಮೊದಲ ಸಲ ಹಾಕಿದ ನೀರು ಗಟಗಟ ಇಳಿಯುತ್ತದೆ. ಬಾಯಾರಿದ ಮಣ್ಣು ಅದು, ನಂಬಬೇಡಿ. ಎರಡನೇ ಸಲ ತುಂಬಿ, ಮೂರನೇ ಸಲವೂ ತುಂಬಿ. ಕೊನೆಯ ಸಲ ಇಳಿದ ವೇಗವೇ ನಿಮ್ಮ ಲೆಕ್ಕದ ವೇಗ. ಅದರಲ್ಲೂ ಅರ್ಧವನ್ನು ಮಾತ್ರ ಹಿಡಿಯಿರಿ, ಯಾಕಂದರೆ ವರ್ಷ ಕಳೆದ ಹಾಗೆ ಹೂಳು ತಳವನ್ನು ಮುಚ್ಚುತ್ತದೆ.

ಅರ್ಧ ಮಾಡಿದ ಮೇಲೂ ಗಂಟೆಗೆ 13 ಮಿಲಿಮೀಟರ್ ಸಿಕ್ಕಿದರೆ 1 ಮೀಟರ್ ನೀರು ಇಂಗಲು 77 ಗಂಟೆ, ಮೂರು ದಿನಕ್ಕೆ ಸ್ವಲ್ಪ ಮೇಲೆ. ಹೊಂಡವನ್ನು ಅಗಲ ಮಾಡಿ ಆಳ ಕಡಿಮೆ ಮಾಡಿದರೆ ಮೂರು ದಿನದೊಳಗೆ ಒಣಗುತ್ತದೆ. ಬರೀ 5 ಮಿಲಿಮೀಟರ್ ಸಿಕ್ಕಿದರೆ 200 ಗಂಟೆ, ಎಂಟು ದಿನದ ಮೇಲೆ. ಅಷ್ಟರಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆದುಬಿಡಬಹುದು, ಇನ್ನೊಂದು ಮಳೆಯೂ ಬಂದಿರುತ್ತದೆ. ಹಾಗಿದ್ದರೆ ಇಂಗುಹೊಂಡದ ಯೋಚನೆ ಬಿಟ್ಟು ಒಣ ಹೊಂಡಕ್ಕೆ ಹೋಗಿ. ತಳಕ್ಕೂ ಮಳೆಗಾಲದ ಅಂತರ್ಜಲ ಮಟ್ಟಕ್ಕೂ ನಡುವೆ ಸುಮಾರು ಒಂದು ಮೀಟರಾದರೂ ಮಣ್ಣು ಇರಲಿ.

ಎಣ್ಣೆ ತಾಗಬಹುದಾದ ಒಂದು ಹನಿ ನೀರೂ ಇಲ್ಲಿಗೆ ಬರಬಾರದು. ಒಣ ಹೊಂಡಕ್ಕೆ ಎಣ್ಣೆ ಬಂದರೆ ತೂಬು ಮುಚ್ಚಿ ಬಳಿದು ತೆಗೆಯಬಹುದು. ಇಂಗುಹೊಂಡಕ್ಕೆ ಬಂದರೆ ಮಣ್ಣನ್ನೇ ಎತ್ತಿ ಸಾಗಿಸಬೇಕು.

ಯಾರ್ಡಿನ ಕೆಳಗೇ ಹಿಡಿಯೋದಾದರೆ

ಜಾಗ ಇಲ್ಲದ ಕಡೆ ಈ ಮಾತು ಬರುತ್ತದೆ. ಜಲ್ಲಿಯ ಕೆಳಗೆ ಇನ್ನಷ್ಟು ದಪ್ಪ ಕಲ್ಲು ತುಂಬಿ ಅದರ ಸಂದಿಯಲ್ಲೇ ನೀರು ಹಿಡಿಯೋಣ ಅಂತ. ಲೆಕ್ಕಕ್ಕೆ ಸರಿ ಕಾಣುತ್ತದೆ. 450 ಘನ ಮೀಟರ್ ನೀರಿಗೆ, 40 ಶೇಕಡಾ ಸಂದಿಯಂತೆ, 1,125 ಘನ ಮೀಟರ್ ಕಲ್ಲು. ಒಂದು ಹೆಕ್ಟೇರಿಗೆ ಹರಡಿದರೆ ಹನ್ನೊಂದು ಸೆಂಟಿಮೀಟರ್ ದಪ್ಪ ಅಷ್ಟೇ, ಅಲ್ವಾ? ಆದರೆ ಮೇಲಿನ ಜಲ್ಲಿ ಅಲ್ಲಿರುವುದು ಅಂದಕ್ಕಲ್ಲ. ಫಾಲ್ಟ್ ಆದಾಗ, ಅಂದರೆ ಕರೆಂಟ್ ದಾರಿ ತಪ್ಪಿ ನೆಲಕ್ಕೆ ಇಳಿದಾಗ, ನೆಲದ ವೋಲ್ಟೇಜ್ ಏರುತ್ತದೆ. ಆಗ ನಿಂತವರ ಕಾಲಿಗೂ ಮಣ್ಣಿಗೂ ನಡುವೆ ತಡೆಯಾಗಿ ನಿಲ್ಲುವುದು ಈ 100ರಿಂದ 150 ಮಿಲಿಮೀಟರ್ ಪದರ. ಸಬ್‌ಸ್ಟೇಷನ್ ಅರ್ಥಿಂಗ್ ವಿನ್ಯಾಸದ ಐಇಇಇ (ವಿದ್ಯುತ್ ಎಂಜಿನಿಯರುಗಳ ಸಂಸ್ಥೆ) 80 ಮಾರ್ಗಸೂಚಿ ಇದನ್ನೇ ನೆಚ್ಚಿಕೊಂಡಿದೆ. ಒಳ್ಳೆಯ ಜಲ್ಲಿ ಒದ್ದೆಯಾದಾಗಲೂ ಸಾವಿರಾರು ಓಮ್-ಮೀಟರ್ ತಡೆ ಕೊಡುತ್ತದೆ. ಅದರೊಳಗೆ ನೀರು ನಿಂತರೆ, ಮಣ್ಣು ಸೇರಿದರೆ, ಆ ತಡೆ ಬಿದ್ದುಹೋಗುತ್ತದೆ. ಅಲ್ಲಿ ನಡೆದಾಡುವವರ ಜೀವದ ಪ್ರಶ್ನೆ ಇದು. ಮೇಲಿನ ಪದರವನ್ನು ನೀರಿನ ತೊಟ್ಟಿಯಾಗಿ ಎಣಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಅದರ ಕೆಳಗೆ ಬೇರೆ ಪದರ ಹಾಕಿದರೂ ಇನ್ನೊಂದು ತೊಡಕಿದೆ. ಅರ್ಥ್ ಮ್ಯಾಟ್ ಸಾಮಾನ್ಯವಾಗಿ 30ರಿಂದ 50 ಸೆಂಟಿಮೀಟರ್ ಆಳದಲ್ಲಿ ಮಲಗಿರುತ್ತದೆ. ಅದಕ್ಕೆ ಮಣ್ಣಿನ ಅಪ್ಪುಗೆ ಬೇಕು. ಸುತ್ತ ಬರೀ ಕಲ್ಲು ತುಂಬಿದರೆ ಮ್ಯಾಟ್ ಮಣ್ಣನ್ನು ಮುಟ್ಟುವುದೇ ಇಲ್ಲ. ಅರ್ಥಿಂಗ್ ಎಂಜಿನಿಯರ್ ಜೊತೆ ಕೂತು ಮಾಡದ ಹೊರತು ಬೇಡ.

ಕಾಂಕ್ರೀಟ್ ತೊಟ್ಟಿ ಅಥವಾ ಪ್ಲಾಸ್ಟಿಕ್ ಕ್ರೇಟ್ ಹೂಳುವುದು ಇದಕ್ಕಿಂತ ಮೇಲು. ಕ್ರೇಟಿನಲ್ಲಿ 95 ಶೇಕಡಾದಷ್ಟು ಜಾಗ ಖಾಲಿ, ಹಾಗಾಗಿ 475 ಘನ ಮೀಟರ್ ಗುಂಡಿ ಸಾಕು. ಆದರೆ ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ಓಡಾಡುವ ದಾರಿಯಲ್ಲಿ ಕ್ರೇಟ್ ಹೂಳಬೇಡಿ. ಖರ್ಚು ಎಲ್ಲಕ್ಕಿಂತ ಜಾಸ್ತಿ, ಹೂಳು ತುಂಬಿದರೆ ಮೇಲಿನಿಂದ ಕಾಣುವುದಿಲ್ಲ. ನಗರದ ನಡುವಿನ ಇಕ್ಕಟ್ಟಿನ ಸಬ್‌ಸ್ಟೇಷನ್‌ಗೆ ಮಾತ್ರ ಸರಿ.

ಹುಲ್ಲುಗಾಲುವೆ ಒಂದೇ ಸಾಕಾ?

ಸಾಲದು, ಆದರೆ ಬೇಕೇ ಬೇಕು. ಬೇಲಿಯ ಹೊರಗೆ ಅಗಲವಾದ, ಆಳವಿಲ್ಲದ, ಹುಲ್ಲು ಬೆಳೆದ ಕಾಲುವೆಯಲ್ಲಿ ನೀರು ಬಂದರೆ ಓಟ ತಗ್ಗುತ್ತದೆ, ಹೂಳು ಅಲ್ಲೇ ಉಳಿಯುತ್ತದೆ, ಹೊಂಡಕ್ಕೆ ಆಯಸ್ಸು ಹೆಚ್ಚುತ್ತದೆ. ಕುಳ್ಳ ಹುಲ್ಲು ಸಾಕು. ಲೈನಿನ ಕೆಳಗೆ ಎತ್ತರದ ಗಿಡ ಬೇಡ.

ಹಾಗಾದರೆ ಆಯ್ಕೆ

ಮಣ್ಣು ಕುಡಿಯುತ್ತದೆ, ಅಂತರ್ಜಲ ಆಳದಲ್ಲಿದೆ, ಎಣ್ಣೆಯ ದಾರಿ ಪೂರ್ತಿ ಬೇರೆಯಾಗಿದೆ ಅಂತಾದರೆ ಹುಲ್ಲುಗಾಲುವೆ, ಆಮೇಲೆ ಇಂಗುಹೊಂಡ. ಮೂರರಲ್ಲಿ ಒಂದು ತಪ್ಪಿದರೂ ಹುಲ್ಲುಗಾಲುವೆ, ಆಮೇಲೆ ಒಣ ಹೊಂಡ. ಜಾಗವೇ ಇಲ್ಲವಾದರೆ ಯಾರ್ಡಿನ ಅಂಚಿನಲ್ಲಿ, ಅರ್ಥ್ ಮ್ಯಾಟ್ ಮುಗಿಯುವ ಗಡಿಯ ಆಚೆ, ಕಾಂಕ್ರೀಟ್ ತೊಟ್ಟಿ.

ವಿಸ್ತರಣೆ ಆದ್ದರಿಂದ ಇನ್ನೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಹಳೆಯ ಯಾರ್ಡಿನ ನೀರು ಈಗ ಎಲ್ಲಿಗೆ ಹೋಗುತ್ತಿದೆ? ಹೊಸದಕ್ಕೆ ಹೊಂಡ ಕಟ್ಟಿ ಹಳೆಯದರ ನೀರನ್ನೂ ಅದಕ್ಕೇ ತಿರುಗಿಸಿದರೆ ಗಾತ್ರದ ಲೆಕ್ಕ ತಲೆಕೆಳಗಾಗುತ್ತದೆ. ಎರಡನೆಯದು, ಮುಂದಿನ ಬೇ ಎಲ್ಲಿ ಬರುತ್ತದೆ? ಇವತ್ತು ಖಾಲಿ ಇದೆ ಅಂತ ಹೊಂಡ ತೋಡಿದ ಜಾಗವೇ ಹತ್ತು ವರ್ಷದ ಮೇಲೆ ಹೊಸ ಟ್ರಾನ್ಸ್‌ಫಾರ್ಮರ್‌ಗೆ ಬೇಕಾಗಬಹುದು.

ಬೇಲಿ ದಾಟುವ ಪೈಪನ್ನು ಜನ ಮರೆತೇ ಬಿಡುತ್ತಾರೆ. ಯಾರ್ಡಿನಿಂದ ಹೊಂಡಕ್ಕೆ ಕಬ್ಬಿಣದ ಪೈಪು ಹಾಕಿದರೆ ಫಾಲ್ಟ್ ಸಮಯದಲ್ಲಿ ಒಳಗಿನ ವೋಲ್ಟೇಜ್ ಅದರ ಮೂಲಕ ಹೊರಗೆ ಹೋಗುತ್ತದೆ. ಹೊಂಡದ ಹತ್ತಿರ ಹುಲ್ಲು ಕೊಯ್ಯುವವರು ಆ ಪೈಪಿನ ಬಾಯಿ ಮುಟ್ಟಿರಬಹುದು. ಪಿವಿಸಿ ಅಥವಾ ಎಚ್‌ಡಿಪಿಇ ಪೈಪು ಹಾಕಿ. ಹೊಂಡದ ಸುತ್ತಿನ ತಂತಿಬೇಲಿಯನ್ನೂ ಯಾರ್ಡಿನ ಬೇಲಿಗೆ ಜೋಡಿಸಬೇಡಿ, ನಡುವೆ ಅಂತರ ಬಿಡಿ.

ಕೆಲಸದ ಸಮಯದ ಕೆಸರು

ಹೊಂಡ ಮೊದಲು, ಯಾರ್ಡ್ ಆಮೇಲೆ. ನೆಲ ಬಗೆದು ಬೆತ್ತಲೆ ಮಾಡಿದ ತಿಂಗಳುಗಳಲ್ಲೇ ಕೆಸರು ಎಲ್ಲಕ್ಕಿಂತ ಜಾಸ್ತಿ ಹರಿಯುತ್ತದೆ. ಒಣ ಹೊಂಡವನ್ನು ಮೊದಲೇ ತೋಡಿಟ್ಟರೆ ಆ ಕೆಸರನ್ನು ಅದೇ ಹಿಡಿಯುತ್ತದೆ, ಕೊನೆಗೆ ಹೂಳೆತ್ತಿ ತೂಬು ಸರಿ ಮಾಡಿದರೆ ಆಯಿತು. ಇಂಗುಹೊಂಡಕ್ಕೆ ಇದು ಉಲ್ಟಾ. ಅದರ ಜಾಗಕ್ಕೆ ಮೊದಲ ದಿನವೇ ಹಗ್ಗ ಕಟ್ಟಿ, ಜೆಸಿಬಿಯಾಗಲಿ ಲಾರಿಯಾಗಲಿ ಮೇಲೆ ಓಡದ ಹಾಗೆ ಕಾಯಬೇಕು. ಮೇಲಿನ ನೆಲಕ್ಕೆಲ್ಲ ಜಲ್ಲಿ, ಹುಲ್ಲು ಕೂತ ಮೇಲೆ ಅದನ್ನು ತೋಡಬೇಕು. ತೋಡುವ ಯಂತ್ರ ಹೊಂಡದ ದಡದಲ್ಲಿ ನಿಲ್ಲಲಿ, ತಳಕ್ಕೆ ಇಳಿಯುವುದು ಬೇಡ.